ಮಸ್ಕತ್ತಿನ ಬಿಸಿಲಿಗೆ ಹೊರಟವರು

ಮುನೀರಾ ಇಬ್ಬರು ಮಕ್ಕಳನ್ನು ಕರೆದುಕೊಂಡು ಮಸ್ಕತ್ತಿಗೆ ಹೊರಟಿದ್ದಾಳೆಂಬ ಸುದ್ದಿ ಗಜೇಂದ್ರಗಡದ ಓಣಿಯಲ್ಲಿ ಹಬ್ಬಿದಾಗ ಏಪ್ರಿಲ್ ತಿಂಗಳು. ಗುಡ್ಡದ ಬಂಡೆಗಳು ಹಗಲೆಲ್ಲ ಕಾಯ್ದು, ಹೊತ್ತು ಮುಳುಗಿದ ಮೇಲೂ ಊರ ಮೇಲೆ ಝಳ ಬಿಡುತ್ತಿದ್ದವು. ಎದುರುಮನೆಯ ಅನ್ನಪೂರ್ಣಾ ಒಣಹಾಕುತ್ತಿದ್ದ ಹಪ್ಪಳವನ್ನು ಅಲ್ಲಿಗೇ ಬಿಟ್ಟು ಓಡಿಬಂದಳು.

"ಏನವಾ ಮುನೀರಾ, ಖರೇನ? ಮಂದಿ ಬ್ಯಾಸಗ್ಯಾಗ ತಂಪಿನ ಊರಿಗೆ ಹೊಕ್ಕಾರ. ನೀ ನೋಡಿದ್ರ ಕೂಸುಗೋಳ್ನ ಕರಕೊಂಡ ಒಲಿಯೊಳಗ ಹೊಂಟೀಯಲ್ಲ!"

"ನಾವರೇ ಎಲ್ಲಿ ತಂಪಿನ್ಯಾಗ ಅದೀವ್ರಿ ಅಕ್ಕಾ?" ಮುನೀರಾ ನಕ್ಕಳು. "ಈ ಬಿಸಿಲ ಉಂಡವರಿಗೆ ಆ ಬಿಸಿಲೇನ್ ಮಾಡತೈತಿ ಬಿಡ್ರಿ."

ಬೇರೆ ದಾರಿಯೂ ಇರಲಿಲ್ಲ. ಗಂಡ ಜಾವೀದ ಮಸ್ಕತ್ತಿನಲ್ಲಿ ಎಸಿ ರಿಪೇರಿ ಮಾಡುವವನು. ಬೇಸಗೆ ಅವನಿಗೆ ಸುಗ್ಗಿ. ಆಗ ಊರಿಗೆ ರಜೆ ಕೇಳಿದರೆ ಮಾಲೀಕ ನಗುತ್ತಿದ್ದ. ಮಗ ಫರ್ದೀನನ ಶಾಲೆಗೆ ಬಿಡುವೆಂದರೆ ಬೇಸಗೆಯಲ್ಲೇ. ಹೋದ ಸಲ ಜಾವೀದ ಬಂದುಹೋದಾಗ ಮಗಳು ಯಾಸ್ಮಿನ ಅಂಬೆಗಾಲಿಡುತ್ತಿದ್ದಳು. ಈಗ ಮೂರು ತುಂಬಿದ ಅವಳ ಪಾಲಿಗೆ ಅಬ್ಬಾ ಎಂದರೆ ಫೋನಿನೊಳಗೆ ನಗುವ ಒಂದು ಮುಖ. ಈ ವರ್ಷ ಜಾವೀದನ ಗೆಳೆಯನೊಬ್ಬ ಊರಿಗೆ ಹೋಗುವಾಗ ತನ್ನ ಮನೆಯ ಕೀಲಿಯನ್ನೂ ಹಳೆಯ ಕಾರನ್ನೂ ಅವನ ಕೈಗೊಪ್ಪಿಸಿದ್ದ. "ಬಂದ್ ಬಿಡ್ರಿ ಎಲ್ಲಾರೂ" ಎಂದು ಜಾವೀದ ಫೋನು ಮಾಡಿದಾಗ, ಹುಬ್ಬಳ್ಳಿಯಿಂದಾಚೆ ಕಾಲಿಡದ ಮುನೀರಾ ಅತ್ತೆಯನ್ನು ಕೇಳುವ ಮೊದಲೇ ಹೂಂ ಎಂದಿದ್ದಳು.

ಅತ್ತೆ ಕಾಶೀಂಬಿ ಸಿಟ್ಟಾಗಲಿಲ್ಲ. ಜೋಳದ ಹಿಟ್ಟು, ಉಳ್ಳಾಗಡ್ಡಿ, ನಿಂಬೆಹಣ್ಣು ಎಂದು ಚೀಲಕ್ಕೆ ತುಂಬುತ್ತ, "ಕೂಸುಗೋಳ ನೆತ್ತಿ ಸುಡಗೊಡಬ್ಯಾಡ. ಬೇಡೋ ಮೊದಲ ನೀರ ಕುಡಸು" ಎಂದಷ್ಟೇ ಹೇಳಿದಳು.

ಬಸ್ಸು ನರೇಗಲ್ಲು ದಾಟುವಷ್ಟರಲ್ಲಿ ಫರ್ದೀನ ತಾನು ವಿಮಾನ ಹತ್ತುವ ಸುದ್ದಿಯನ್ನು ಹಿಂದಿನ ಸೀಟಿನವರೆಗೂ ಮುಟ್ಟಿಸಿದ್ದ. ಸಂತೆಗೆ ಹೊರಟಿದ್ದ ಮುದುಕಿಯೊಬ್ಬಳು ಅವನ ಕೈಗೆ ಎಳೆಸವತೆ ಕೊಟ್ಟು, "ಮ್ಯಾಲ ಹೋದಾಗ ನಮ್ಮ ಹೊಲ ಕಂಡ್ರ ಹೇಳಪಾ" ಎಂದಳು. ಮುಂಬಯಿಯಲ್ಲಿ ವಿಮಾನ ನೆಲ ಬಿಟ್ಟಾಗ ಅವನು ಕಿಟಕಿಗೆ ಮೂಗು ಒತ್ತಿ ಕಿರುಚಿದ, "ಅಮ್ಮೀ, ನೀರು! ಬರೇ ನೀರು!" ಅಷ್ಟೊತ್ತು ಕಣ್ಣುಮುಚ್ಚಿ ಸೀಟಿನ ಕೈ ಹಿಡಿದಿದ್ದ ಮುನೀರಾ ತಾನೂ ಬಗ್ಗಿ ನೋಡಿದಳು. ಅಂಚೇ ಇಲ್ಲದ ನೀಲಿ. ಅವಳ ಭಯ ಎಲ್ಲಿ ಹೋಯಿತೋ! ಮಗನ ತಲೆಗೆ ತಲೆ ತಾಗಿಸಿ, ಕಡಲು ಕಾಣುವಷ್ಟು ಹೊತ್ತೂ ಅಲುಗಾಡದೆ ನೋಡಿದಳು.

ಮಸ್ಕತ್ತಿನಲ್ಲಿ ಹೊರಬಾಗಿಲು ತೆರೆದುಕೊಂಡಾಗ, ಬಗ್ಗಿ ಒಲೆ ಊದುವವಳ ಮುಖಕ್ಕೆ ಬಡಿಯುವಂಥ ಕಾವು ಬಡಿಯಿತು. ಆ ಕಾವಿನಲ್ಲೇ ಜಾವೀದ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಫರ್ದೀನ ಓಡಿಹೋಗಿ ಅವನ ಸೊಂಟಕ್ಕೆ ಜೋತುಬಿದ್ದ. ಯಾಸ್ಮಿನ ಮಾತ್ರ ತಾಯಿಯ ಹಿಂದೆ ಅಡಗಿದಳು.

"ನನ್ನ ಗುರುತು ಹತ್ತಲಿಲ್ಲೇನ ಯಾಸ್ಮಿನ? ನಾ ನಿನ್ನ ಅಬ್ಬಾ."

"ಅಲ್ಲ. ನಮ್ಮ ಅಬ್ಬಾ ಇಷ್ಟ ದೊಡ್ಡವ ಇಲ್ಲ" ಎಂದು ಹುಡುಗಿ ಗೇಣು ಮಾಡಿ ತೋರಿಸಿದಳು.

ಜಾವೀದ ನಕ್ಕನೇನೋ ನಿಜ, ಆದರೆ ಚಾಚಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಪೆಟ್ಟಿಗೆಗಳನ್ನು ಎತ್ತಿಕೊಂಡದ್ದು ಮುನೀರಾಳ ಕಣ್ಣಿಗೆ ಬಿತ್ತು. ಮೊದಮೊದಲ ದಿನಗಳು ಹಾಗೇ ಕಳೆದವು. ಹಗಲೆಲ್ಲ ಅವನಿಗೆ ದುಡಿಮೆ. ಸಂಜೆ ಕಡಲದಂಡೆ, ದೀಪ, ಐಸ್‌ಕ್ರೀಂ. ಯಾಸ್ಮಿನ ಐಸ್‌ಕ್ರೀಂ ತೆಗೆದುಕೊಳ್ಳುವಳು, ಅವನ ತೊಡೆಯೇರಲು ಒಲ್ಲಳು.

ಶುಕ್ರವಾರ ಅವನಿಗೆ ರಜೆ ಸಿಕ್ಕಿತು. ಗುಡ್ಡಗಳ ನಡುವಿನ ಹಳೆಯ ಕೋಟೆ ತೋರಿಸುತ್ತೇನೆಂದು ಬೆಳಿಗ್ಗೆಯೇ ಕಾರು ಹೊರಡಿಸಿದ. ಮುನೀರಾ ದೊಡ್ಡ ಕ್ಯಾನಿನ ತುಂಬ ನೀರು, ಬಾಟಲಿಯಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು ಇಟ್ಟುಕೊಂಡಳು.

"ದಾರ್‍ಯಾಗ ಹೆಜ್ಜಿಗೊಂದು ಅಂಗಡಿ ಅದಾವ. ಇದೇನ ಇದು, ಹೊಲಕ್ಕ ಹೊಂಟಂಗ?" ಎಂದು ಜಾವೀದ ಚೇಷ್ಟೆ ಮಾಡಿದ.

"ಇರಲಿ ತಗೋರಿ. ನಿಮ್ಮ ತಲಿ ಮ್ಯಾಲೇನ್ ಹೊರಸಾಂಗಿಲ್ಲ."

ಊರು ಹಿಂದೆ ಸರಿಯಿತು. ಎರಡೂ ಕಡೆ ಹುಲ್ಲುಕಡ್ಡಿಯಿಲ್ಲದ ಕಂದು ಗುಡ್ಡಗಳು. ಫರ್ದೀನ ಒಂಟೆ ಕಂಡಲ್ಲೆಲ್ಲ ಕೂಗುತ್ತಿದ್ದ. ದೊಡ್ಡ ರಸ್ತೆ ಬಿಟ್ಟು ಒಳದಾರಿಗೆ ಹೊರಳಿದ ಸ್ವಲ್ಪ ಹೊತ್ತಿಗೆ ಕಾರಿನ ಎಸಿ ಬಿಸಿಗಾಳಿ ಉಗುಳಿತು. ಬೆನ್ನಿಗೇ ಬಾನೆಟ್ಟಿನಿಂದ ಬಿಳಿ ಹೊಗೆ. ಜಾವೀದ ಕಾರನ್ನು ಬದಿಗೆ ನಿಲ್ಲಿಸಿದ. ಫೋನಿಗೆ ಸಿಗ್ನಲ್ ಇರಲಿಲ್ಲ.

ಮುನೀರಾ ಮಕ್ಕಳನ್ನು ಕಾರಿನ ಸಣ್ಣ ನೆರಳಿಗೆ ಕೂರಿಸಿದಳು. ಅಳುತ್ತಿದ್ದ ಯಾಸ್ಮಿನ ತಾನಾಗಿ ಸುಮ್ಮನಾದಳು. ಆ ಸುಮ್ಮನಾಗುವಿಕೆಯೇ ಮುನೀರಾಳನ್ನು ಅಂಜಿಸಿತು. ಮಗುವಿನ ಮುಖ ಕೆಂಡದಂತಾಗಿತ್ತು, ಕತ್ತು ಅತ್ತಿತ್ತ ವಾಲುತ್ತಿತ್ತು. ಅವಳು ಓಢಣಿ ಎಳೆದು ಕ್ಯಾನಿನ ನೀರಲ್ಲಿ ಅದ್ದಿ ಮಗಳ ತಲೆಗೆ, ಕತ್ತಿಗೆ ಸುತ್ತಿದಳು.

"ಗಾಳಿ ಹಾಕ್ರಿ! ಹಂಗ್ಯಾಕ ನಿಂತೀರಿ?"

ಜಾವೀದ ಕಾರಿನ ಕಿಟಕಿಗೆ ಬಿಸಿಲಡ್ಡವಾಗಿ ಸಿಕ್ಕಿಸಿದ್ದ ರಟ್ಟೊಂದನ್ನು ಕಿತ್ತು, ಮೊಣಕಾಲೂರಿ ಗಾಳಿ ಹಾಕತೊಡಗಿದ. "ನಾನರೇ ಯಾಕ ಕರಸಿದ್ನೋ ಈ ಬೆಂಕ್ಯಾಗ" ಎಂದ.

"ಅದನ್ನೆಲ್ಲ ಆಮ್ಯಾಲ ಮಾತಾಡೂಣು. ಗಾಳಿ ಬಿಡಬ್ಯಾಡ್ರಿ."

ಗುಟುಕು ಗುಟುಕಾಗಿ ಶರಬತ್ತು ಒಳಗಿಳಿಯಿತು. ಆಗಲೇ ಧೂಳೆಬ್ಬಿಸುತ್ತ ಬಂದ ಪಿಕಪ್ ಗಾಡಿಯೊಂದು ನಿಂತಿತು. ಬಿಳಿ ನಿಲುವಂಗಿಯ ಮುದುಕ ಇಳಿದ. ಪಕ್ಕದಲ್ಲಿದ್ದ ಅವನ ಹೆಂಡತಿ ಮಗುವನ್ನು ಕಂಡದ್ದೇ ಏನನ್ನೂ ಕೇಳದೆ ಬಾಗಿಲು ತೆರೆದು ಕೈ ಚಾಚಿದಳು. ಮುದುಕ ಹರುಕುಮುರುಕು ಹಿಂದಿಯಲ್ಲಿ, "ಹತ್ತಿ, ಹತ್ತಿ. ನಮ್ಮ ತೋಟ ಇಲ್ಲೇ" ಎಂದ.

ಗುಡ್ಡದ ಮೂಲೆ ತಿರುಗಿದೊಡನೆ ಮುನೀರಾ ತನ್ನ ಕಣ್ಣನ್ನೇ ನಂಬಲಿಲ್ಲ. ಆ ಬೋಳು ಕಲ್ಲುಗಳ ನಡುವೆ ಖರ್ಜೂರದ ಮರಗಳ ದಟ್ಟ ಹಸಿರು. ಮರಗಳ ಬುಡದಲ್ಲಿ ಕಲ್ಲು ಕಟ್ಟಿದ ಕಾಲುವೆ; ಅದರಲ್ಲಿ ಗುಡ್ಡದೊಳಗಿನಿಂದ ಹರಿದುಬಂದ ತಿಳಿನೀರು. ಅಜ್ಜಿ ಯಾಸ್ಮಿನಳ ಪಾದಗಳನ್ನು ನೀರಲ್ಲಿಳಿಸಿ, ಬೊಗಸೆಯಿಂದ ಮೈಗೆ ಸುರಿದಳು. ಮಗುವಿನ ಮುಖದ ಕೆಂಪು ಮೆಲ್ಲಗೆ ಇಳಿಯಿತು. ಕಣ್ಣರಳಿಸಿ ನೋಡಿತು. ಸಣ್ಣ ಮೀನೊಂದು ಕಾಲಬೆರಳಿಗೆ ಮುತ್ತಿಟ್ಟು ಓಡಿತು. "ಅಯ್ಯ!" ಎಂದು ಯಾಸ್ಮಿನ ಕಿಲಕಿಲ ನಕ್ಕಳು.

ಆ ನಗೆಗೆ ಜಾವೀದ ಮರಕ್ಕೊರಗಿ ಕುಸಿದು ಕುಳಿತು ಮುಖ ಒರೆಸಿಕೊಂಡ. ಫರ್ದೀನ ಅಷ್ಟರಲ್ಲಿ ಬಟ್ಟೆ ಸಮೇತ ಕಾಲುವೆಗೆ ಧುಮುಕಿಯಾಗಿತ್ತು. ಅವನ ಹಿಂದೆ ಹೆಜ್ಜೆಯಿಡಲು ಹೋದ ಯಾಸ್ಮಿನಳ ಕಾಲು ಪಾಚಿಯ ಮೇಲೆ ಜಾರಿತು.

"ಅಬ್ಬಾ!"

ಆ ಕೂಗು ಮುಗಿಯುವ ಮೊದಲೇ ಜಾವೀದ ಬೂಟುಗಾಲಿನಲ್ಲೇ ನೀರಿಗಿಳಿದು ಅವಳನ್ನು ಎತ್ತಿಕೊಂಡಿದ್ದ. ಅವಳು ಅವನ ಕತ್ತಿಗೆ ಎರಡೂ ಕೈ ಬಿಗಿದು, ಒದ್ದೆ ಗಲ್ಲವನ್ನು ಅವನ ಗಡ್ಡಕ್ಕೆ ಒತ್ತಿದಳು. ಅವನು ನೀರಿಂದ ಮೇಲೆ ಬರಲೇ ಇಲ್ಲ.

ಮುದುಕ ಮೆಕ್ಯಾನಿಕನನ್ನು ಕರೆತರಲು ಗಾಡಿ ತಿರುಗಿಸಿದ. ಅಜ್ಜಿ ತಟ್ಟೆಯ ತುಂಬ ಖರ್ಜೂರ ತಂದಿಟ್ಟು, ಮುನೀರಾಳ ಭುಜ ತಟ್ಟಿ ಕಾಲುವೆಯತ್ತ ಕೈ ತೋರಿದಳು. ನೀನೂ ಇಳಿ ಎಂಬಂತೆ.

ಮುನೀರಾ ನಾಚಿ ಸುತ್ತ ನೋಡಿದಳು. ನೀರಿನೊಳಗಿಂದ ಗಂಡ ಕೂಗಿದ: "ಬಾ ಲಗೂ! ಭಾಳ ತಂಪ ಐತಿ!"

ಅವಳು ಚಪ್ಪಲಿ ಬಿಟ್ಟು, ಸಲ್ವಾರನ್ನು ಮೊಣಕಾಲವರೆಗೆ ಎತ್ತಿ ಕಾಲುವೆಗಿಳಿದಳು. ಫರ್ದೀನ ಕಾದವನಂತೆ ಎರಡೂ ಕೈಯಿಂದ ನೀರೆರಚಿದ. ಅವಳು ಅವನ ಕಿವಿ ಹಿಡಿಯಲು ಹೋದವಳು ಮನಸ್ಸು ಬದಲಿಸಿ, ಬೊಗಸೆ ತುಂಬಿಕೊಂಡು ಗಂಡನ ಮೇಲೆ ಸುರಿದಳು.