ಮೈಮೂನಾ ಕೇಳಿದ ಸನದು

ಮಂಗಳವಾರದ ಕ್ಲಾಸಿಗೆ ಮೈಮೂನಾ ಹೆದರುತ್ತಲೇ ಹೊರಟಿದ್ದಳು. ಬೆಳಿಗ್ಗೆ ಮೆಟ್ಟಿಲಲ್ಲಿ ಎದುರಾದ ದರ್ಜಿ ಶಮೀಮ್, "ಆಪಾ, ಇವತ್ತು ಹಜ್ಜಾನಿ ಬೀ ನಿಮ್ಮನ್ನ ಏನೋ ಕೇಳಬೇಕಂತೆ" ಎಂದವಳು ಮುಖ ಕೊಡದೆ ಇಳಿದುಹೋಗಿದ್ದಳು.

ಹಜ್ಜಾನಿ ಬೀ ಎಂದರೆ ದೇಶದ ರಾಜಧಾನಿಯ ಮುಸ್ಲಿಂ ಬಡಾವಣೆ ಓಖ್ಲಾದ ಆ ಕಟ್ಟಡದ ಒಡತಿ. ಮೈಮೂನಾಳ ಸಂಸಾರ ಬಾಡಿಗೆಗಿರುವುದು ಅವರ ಮೂರನೇ ಮಹಡಿಯಲ್ಲಿ, ಅವಳು ಹೆಂಗಸರಿಗೆ ಕುರಾನಿನ ಅರ್ಥ ಹೇಳಿಕೊಡುವುದು ಅವರ ಕೆಳಗಿನ ಹಾಲಿನಲ್ಲಿ. ಅವರು ಮುನಿದರೆ ಎರಡೂ ಹೋದಂತೆಯೇ. 2003ರಲ್ಲಿ ಪುತ್ತೂರಿನಿಂದ ಬಂದ ಹೊಸದರಲ್ಲಿ ಅವಳೂ ಗಂಡ ಇದಿನಬ್ಬನೂ ವಸಂತ್ ಕುಂಜ್‌ನಿಂದ ಹಿಡಿದು ಊರೆಲ್ಲ ಸುತ್ತಿ ಮನೆ ಕೇಳಿದ್ದರು. ಹೆಸರು ಹೇಳುವವರೆಗೆ ಎಲ್ಲ ಮನೆಯೂ ಖಾಲಿ. ಹೇಳಿದ ಮೇಲೆ ಒಂದೂ ಖಾಲಿಯಿಲ್ಲ! ಮತ್ತೆ ಆ ಅಲೆದಾಟ ಅವಳಿಗೆ ಬೇಡವಾಗಿತ್ತು.

ಏನು ಕೇಳಬಹುದೆಂದು ಅವಳಿಗೆ ಅಂದಾಜಿತ್ತು. ಹೋದ ವಾರ ಹಜ್ಜಾನಿ ಬೀ ಹಾಲಿನ ಬಾಗಿಲಿಗೆ ಒಂದು ಹದೀಸನ್ನು, ಪ್ರವಾದಿಯವರ ಮಾತನ್ನು, ಬೋರ್ಡಿನಲ್ಲಿ ಬರೆಸಿ ತೂಗುಹಾಕಿದ್ದರು. ಪ್ರಾಯಕ್ಕೆ ಬಂದ ಹುಡುಗಿಯ ಮುಖ ಮತ್ತು ಅಂಗೈ ಬಿಟ್ಟು ಬೇರೇನೂ ಕಾಣಬಾರದು ಎನ್ನುವ, ಪ್ರವಾದಿಯವರ ಪತ್ನಿ ಆಯಿಷಾರ ಮೂಲಕ ಬಂದದ್ದೆನ್ನುವ ಹದೀಸು. ಬುರ್ಖಾ ಇಲ್ಲದ ಇಬ್ಬರು ಹುಡುಗಿಯರನ್ನು ಅದೇ ದಿನ ವಾಪಸು ಕಳಿಸಿಯೂ ಆಗಿತ್ತು. ಮೈಮೂನಾ ತಾನು ತಲೆವಸ್ತ್ರವಿಲ್ಲದೆ ಹೊಸಿಲು ದಾಟಿದವಳಲ್ಲ. ಆದರೂ ಆ ಸಂಜೆ ಊಟ ಬಡಿಸುತ್ತ ಗಂಡನೊಡನೆ ಅಂದಿದ್ದಳು: "ಆ ಹದೀಸನ್ನ ಆಧಾರ ಅಂತ ಹಿಡಿಯೋಕಾಗಲ್ಲ. ಹಜ್ರತ್ ಆಯಿಷಾರಿಂದ ಕೇಳಿದೆ ಅಂದವನು ಅವರನ್ನ ಕಂಡೇ ಇಲ್ಲ ಅಂತ ಸಂಗ್ರಹ ಮಾಡಿದವರೇ ಬರೆದಿಟ್ಟಿದ್ದಾರೆ. ಕುರಾನಿನ ಆಯತ್ತು ಹೇಳೋದು ಎದೆಯ ಮೇಲೆ ಸೆರಗು ಎಳ್ಕೊಳ್ಳಿ ಅಂತ. ಅಷ್ಟರ ಮೇಲೆ ಮಕ್ಕಳನ್ನ ಬಾಗಿಲಿಂದ ಅಟ್ಟೋದಾ?" ಪಿಸುಮಾತಿನಲ್ಲೇ ಅಂದಿದ್ದಳು, ಕಿಟಕಿ ಮುಚ್ಚಿ.

ಹಾಲಿನಲ್ಲಿ ಇಪ್ಪತ್ತು ಹೆಂಗಸರು ಕೂತಿದ್ದರು. ಸಲಾಮಿಗೆ ಉತ್ತರ ಕ್ಷೀಣವಾಗಿ ಬಂತು.

"ಬೋರ್ಡಿನ ಹದೀಸು ನಂಬೋ ಹಾಗಿಲ್ಲ ಅಂದಿರಂತೆ," ಹಜ್ಜಾನಿ ಬೀ ನೇರವಾಗಿ ಕೇಳಿದರು. "ಹೌದೋ, ಅಲ್ಲವೋ?"

ಹೆದರಿದವರಿಗೆ ಕಲಿತ ವಿದ್ಯೆಯೇ ಬಾಯಿಗೆ ಬರುತ್ತದೆ. ಹದೀಸು ಅಂತ ಯಾರೇ ಏನೇ ಹೇಳಿದರೂ, ಯಾರು ಯಾರಿಂದ ಕೇಳಿದ್ದೆಂದು ಮೊದಲು ಕೇಳಿ, ಆ ಹೆಸರುಗಳ ಸರಪಳಿಯೇ ಸನದು, ಒಂದು ಕೊಂಡಿ ಕಳಚಿದರೂ ಮಾತು ಬಿತ್ತು ಎಂದು ಎರಡು ವರ್ಷ ಇವರಿಗೆ ಪಾಠ ಹೇಳಿದವಳು ಮೈಮೂನಾಳೇ.

"ಸನದು ಹೇಳಿ," ಎಂದಳು. ಚಾಡಿಮಾತಿಗೆ ವಾರಸುದಾರರು ಸಿಗುವುದಿಲ್ಲವೆಂಬ ಧೈರ್ಯ ಅವಳದು.

ಆದರೆ ಶಿಷ್ಯೆಯರು ಪಾಠವನ್ನು ಚೆನ್ನಾಗಿಯೇ ಕಲಿತಿದ್ದರು.

"ನನಗೆ ಹೇಳಿದ್ದು ಶಮೀಮ್," ಎಂದರು ಹಜ್ಜಾನಿ ಬೀ.

"ನನಗೆ ಹೇಳಿದ್ದು ನನ್ನ ಮಗಳು," ಶಮೀಮ್ ತಲೆ ತಗ್ಗಿಸಿ ಎದ್ದಳು.

ಅವಳ ಮಗಳು ಬಾಗಿಲ ಕಡೆ ಬೆರಳು ತೋರಿಸಿದಳು. "ನಂಗೆ ಹಾಜಿರಾ ಹೇಳಿದ್ಲು. ಸ್ಕೂಲ್ ವ್ಯಾನ್‌ನಲ್ಲಿ."

ಹಾಜಿರಾ ಮೈಮೂನಾಳ ಮಗಳು, ಹನ್ನೆರಡು ವರ್ಷದವಳು. ಚಪ್ಪಲಿಗಳ ಪಕ್ಕದಲ್ಲಿ ನಿಂತಿದ್ದ ಹುಡುಗಿಯ ಮುಖ ಬಿಳಿಚಿಕೊಂಡಿತು. "ಉಮ್ಮಾ..." ಎಂದಳು.

ಹಜ್ಜಾನಿ ಬೀ ಕೆಟ್ಟವರಲ್ಲ. ಒಳ್ಳೆಯ ಟೀಚರನ್ನು ಕಳೆದುಕೊಳ್ಳುವ ಆಸೆ ಅವರಿಗೂ ಇರಲಿಲ್ಲ. "ಅಚ್ಛಾ, ಮಗು ತಾನೇ! ಏನೋ ಕಟ್ಟಿ ಹೇಳಿರಬೇಕು. ಸುಳ್ಳು ಹೇಳಿದಾಳೆ ಅಂದುಬಿಡಿ ಆಪಾ, ಮಾತು ಇಲ್ಲಿಗೇ ಮುಗೀಲಿ."

ಎಷ್ಟು ಸುಲಭ! ಒಂದು ಮಾತು ಅಂದರೆ ಮನೆ ಉಳಿಯುತ್ತದೆ, ಕ್ಲಾಸು ಉಳಿಯುತ್ತದೆ. ಮೈಮೂನಾಳ ತುಟಿ ತೆರೆದೂ ಬಿಟ್ಟಿತ್ತು. ಆದರೆ ಒಮ್ಮೆ ಸುಳ್ಳುಗಾರ ಎನಿಸಿಕೊಂಡವನ ಯಾವ ಮಾತನ್ನೂ ಮುಂದೆ ಯಾರೂ ಎತ್ತಿಕೊಳ್ಳುವುದಿಲ್ಲವೆಂದು ಇದೇ ಹಾಲಿನಲ್ಲಿ ಅವಳೇ ಹೇಳಿದ್ದಳು. ಇಪ್ಪತ್ತು ಜನ ಅದನ್ನು ಬರೆದುಕೊಂಡಿದ್ದರು. ಹಾಜಿರಾ ಕಣ್ಣು ಮಿಟುಕಿಸದೆ ಅಮ್ಮನನ್ನೇ ನೋಡುತ್ತಿದ್ದಳು.

"ನನ್ನ ಮಗಳು ಸುಳ್ಳು ಹೇಳುವವಳಲ್ಲ," ಎಂದಳು ಮೈಮೂನಾ. "ಪಕ್ಕದಲ್ಲೇ ಕೂತು ಕೇಳಿದ್ದಾಳೆ. ಸನದು ಗಟ್ಟಿಯಿದೆ. ನಾನು ಹಾಗೆ ಹೇಳಿದ್ದು ನಿಜ."

ಹಜ್ಜಾನಿ ಬೀ, "ಹಾಗಾದರೆ ಬೇರೆ ಮನೆ ನೋಡಿಕೊಳ್ಳಿ" ಎಂದರು. ಹಾಜಿರಾ ಹೆಂಗಸರ ನಡುವಿನಿಂದ ಓಡಿ ಬಂದು ಅಮ್ಮನ ಸೊಂಟ ತಬ್ಬಿಕೊಂಡಳು. ಇಬ್ಬರಲ್ಲಿ ಯಾರು ಹೆಚ್ಚು ನಡುಗುತ್ತಿದ್ದರೆಂದು ಹೇಳುವುದು ಕಷ್ಟವಿತ್ತು.