ದಿಕ್ಕು ತಪ್ಪಿದ ಬೇರು

ಸಸಿತೋಟದ ಹಿರಿಯ ಸೊಸೆಗೆ ಅನುಮಾನ ಹುಟ್ಟುಗುಣ. ಈ ಸಲವಂತೂ ಕಣ್ಣೆದುರಿಗೇ ಕಾರಣವಿತ್ತು. ಟ್ರೇಯಿಂದ ಎತ್ತಿದ ಅವರೆ ಸಸಿಗಳ ಬೇರು ಕೆಳಗಿಳಿಯದೆ ಅತ್ತಿತ್ತ ಅಲೆದಿದ್ದವು. ಕೆಲವು ಮೇಲಕ್ಕೇ ಮೂತಿ ಎತ್ತಿದ್ದವು. ಬೇರಿಗೆ ಮೇಲೆ ಕೆಳಗೆ ಗೊತ್ತಾಗದಿರುವುದುಂಟೇ? ಯಾರೋ ಟ್ರೇಗಳನ್ನು ದಿನಾ ವಾಲಿಸಿಡುತ್ತಿದ್ದಾರೆ ಎಂದು ತೀರ್ಮಾನಿಸಿದಳು. ಯಾರೋ ಎಂದರೆ ಓರಗಿತ್ತಿ. ಮೊನ್ನೆಯಷ್ಟೇ ಬೇರೆ ಮನೆ ಮಾಡುವ ಮಾತೆತ್ತಿದ್ದವಳು.

ಮನೆಯವರೇ ಕೈಯಾಡಿಸಿದರೆ ಸಸಿ ಉದ್ಧಾರವಾಗುವುದಿಲ್ಲ ಎಂದು ಊಟದ ಹೊತ್ತಿನಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿದಳು. ಓರಗಿತ್ತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದುಕೊಂಡ ಹಿರಿಯವಳು, ಕೈ ಒಣಗುವ ಮೊದಲೇ ಅತ್ತೆಯ ಕಿವಿ ಕಚ್ಚಿದಳು. ಅತ್ತೆ ಓರಗಿತ್ತಿಯಿಂದ ಸಸಿಮನೆಯ ಬೀಗದ ಕೈ ಇಸಿದುಕೊಂಡು ಇವಳಿಗೆ ಕೊಟ್ಟರು. ಆರು ವರ್ಷ ಸಸಿ ಸಾಕಿದವಳು ಗೇಟಿನ ಬಳಿ ಮಣ್ಣಿನ ಚೀಲ ತುಂಬುತ್ತ ಕುಳಿತಳು.

ಆದರೂ ಸಾಕ್ಷಿ ಬೇಕಲ್ಲ. ಹಿರಿಯವಳು ಗಾಜಿನ ಬಾಟಲಿಯ ಒಳಮೈಗೆ ಒದ್ದೆ ಕಾಗದ ಒತ್ತಿ, ಬೇರು ಹೊರಗೆ ಕಾಣುವಂತೆ ನಾಲ್ಕು ಕಾಳು ಸೇರಿಸಿ, ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ದಿನಾ ತಾನೇ ನೀರು ಹನಿಸಿದಳು. ಇಲ್ಲಿ ಬೇರು ನೆಟ್ಟಗಿಳಿದರೆ ಕಳ್ಳಿ ಸಿಕ್ಕಿಬಿದ್ದಂತೆಯೇ.

ಐದನೆಯ ದಿನ ತೆರೆದರೆ ಮೂರು ಬೇರು ಅಡ್ಡಡ್ಡ ಹರಿದಿದ್ದವು, ಒಂದು ಮೇಲಕ್ಕೆ ಬಾಗಿತ್ತು. ಅವಳು ಮೊದಲು ಬೀಗವನ್ನೇ ತಿರುಗಿಸಿ ನೋಡಿದಳು. ಬಾಗಿಲಲ್ಲಿ ಓರಗಿತ್ತಿ ನಿಂತಿದ್ದಳು.

“ಯಾವ ಕ್ಯಾನಿಂದ ನೀರು ಹಾಕಿದ್ರಿ, ಅಕ್ಕ?”

“ನೀಲಿ ಕ್ಯಾನು. ಎಲ್ಲಕ್ಕೂ ಅದೇ ತಾನೇ?”

“ದಾರಿಯ ಹುಲ್ಲು ಸಾಯ್ಲಿ ಅಂತ ನೀವು ಕಳೆ ಔಷಧಿ ಕಲಸಿದ್ದೂ ಅದರಲ್ಲೇ ಅಲ್ವಾ?”

ಹೌದು. ಹಿರಿಯವಳು ಕಲಸಿದ ಮೇಲೆ ಎರಡು ಸಲ ಗಲಬರಿಸಿದ್ದಳು, ಅಷ್ಟೇ. ಓರಗಿತ್ತಿ ಬೆನ್ನ ಹಿಂದಿನಿಂದ ಇನ್ನೊಂದು ಬಾಟಲಿ ತೆಗೆದಳು. ಅಕ್ಕ ಬಾಟಲಿಗೆ ಕಾಳು ಸೇರಿಸಿದ್ದನ್ನು ನೋಡಿ ಅದೇ ದಿನ ತಾನೂ ಮಾಡಿಟ್ಟದ್ದು: ಅದೇ ಕಾಳು, ಕುಡಿಯುವ ಲೋಟದ ನೀರು. ನಾಲ್ಕೂ ಬೇರು ನೆಟ್ಟಗೆ ಕೆಳಗಿಳಿದಿದ್ದವು. ಆ ಔಷಧಿ ತೊಟ್ಟು ಉಳಿದರೂ ಎಳೆ ಬೇರಿಗೆ ಕೆಳಗೆ ಯಾವುದೆಂದು ತಿಳಿಯುವುದಿಲ್ಲವಂತೆ.

“ಮೊದಲೇ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಂಬ್ತಿದ್ರಾ?”

ಹಿರಿಯವಳು ನಾಚಿ ಸಸಿಮನೆಯ ಬೀಗದ ಕೈ ಚಾಚಿದಳು. ಓರಗಿತ್ತಿ ಮುಟ್ಟಲಿಲ್ಲ.

“ಅತ್ತೆ ಕೈಲಿ ಕಿತ್ಕೊಳ್ಳೋ ಹಾಗೆ ಮಾಡಿದ್ರಿ. ಅವರ ಕೈಲೇ ಕೊಡಿಸಿ.”

ಎರಡೂ ಬಾಟಲಿ ಹಿಡಿದು ಹಿರಿಯವಳು ಅತ್ತೆಯ ಕೋಣೆಗೆ ಹೋದಳು, ಹಿಂದೆ ಓರಗಿತ್ತಿ. ತಪ್ಪು ನನ್ನದೇ ಎಂದು ಒಂದೂ ಬಿಡದೆ ಹೇಳಿದಳು. ಅತ್ತೆ ನೆಟ್ಟಗಿನ ಬೇರುಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಹಿರಿಯವಳ ಕಿವಿಯ ಹತ್ತಿರ ಬಾಗಿ ಕೇಳಿದರು:

“ಈ ಬಾಟಲಿನೂ ಅವಳೇ ಬದಲಾಯಿಸಿಟ್ಟಳೇನೇ?”