ಬೀರುವಿಗೆ ಮುಖ ಮಾಡಿ ನೋಡಿದ ಫೈನಲ್

ನಮ್ಮಮ್ಮನ ಕಣ್ಣಿಗೆ ಆ ವಿಆರ್ ಹೆಡ್‌ಸೆಟ್ ಹಾಕುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಜಡೆ ಸಿಕ್ಕಿಕೊಂಡಿತು, ಕನ್ನಡಕ ಅಡ್ಡ ಬಂತು. "ಇದೇನೇ, ಕುದುರೆಗೆ ಕಟ್ಟೋ ಕಣ್ಣುಪಟ್ಟಿ ಥರ ಇದೆ" ಎಂದು ಗೊಣಗಿದಳು. ಪಕ್ಕದ ಮನೆಯ ಮೊಬೈಲ್ ಅಂಗಡಿಯವನನ್ನು ಕಾಡಿ ಬೇಡಿ ತಂದದ್ದು. ಹಾಕಿಕೊಂಡರೆ ಗೋಲಿನ ಹಿಂದೆ, ಮೊದಲ ಸಾಲಿನಲ್ಲೇ ಕೂತು ಫುಟ್‌ಬಾಲ್ ಲೈವ್ ನೋಡಿದ ಹಾಗೆ. ಹಿಂದೆ ತಿರುಗಿದರೆ ಹಿಂದೆ ಕೂತ ಜನರೂ ಕಾಣುತ್ತಾರೆ.

ಅವತ್ತು ಫೈನಲ್, ನನ್ನ ತಂಗಿಯ ಕೊನೆಯ ಮ್ಯಾಚು. ಅವಳು ಗೋಲ್‌ಕೀಪರ್. ಇದ್ದ ನೌಕರಿ ಬಿಟ್ಟು ಆಟಕ್ಕೆ ಹೋದಳೆಂದು, ಲಾರಿ ಓಡಿಸುವ ನಮ್ಮಪ್ಪ ಅವಳೊಂದಿಗೆ ಮಾತು ಬಿಟ್ಟು ವರ್ಷಗಳಾಗಿದ್ದವು. ಅವಳೇನು ಕಡಿಮೆಯೇ? "ಅಪ್ಪ ಬಾಯಿಬಿಟ್ಟು ಕರೆಯೋವರೆಗೂ ಆ ಹೊಸ್ತಿಲು ತುಳಿಯಲ್ಲ" ಎಂದಿದ್ದಳು. ನಾಳೆ ದೂರದೂರಿಗೆ ಕೋಚ್ ಆಗಿ ಹೊರಡುವವಳು. ಹೀಗೇ ಹೋದರೆ ಮತ್ತೆ ಮನೆಗೆ ಬರುವುದು ಅಷ್ಟರಲ್ಲೇ ಇತ್ತು. ಅಪ್ಪನೋ, "ಲೋಡು ಇದೆ" ಎಂದು ಬೆಳಿಗ್ಗೆಯೇ ಹೊರಟುಹೋಗಿದ್ದರು.

ಅಮ್ಮನದು ಇನ್ನೊಂದು ರೋಗ. ಮಗಳತ್ತ ಚೆಂಡು ಬಂದರೆ ನೋಡಲಾರಳು. ಮೈದಾನಕ್ಕೆ ಹೋದಾಗಲೂ ಬೆನ್ನು ತಿರುಗಿಸಿ ಜನರ ಮುಖ ನೋಡುತ್ತಿದ್ದಳು. ನಮ್ಮ ಕಡೆಯವರು ಕುಣಿದರೆ ಮಗಳು ಹಿಡಿದಳು, ತಲೆ ಮೇಲೆ ಕೈ ಹೊತ್ತರೆ ಬಿಟ್ಟಳು.

ಆಟ ಸಮವಾಗಿ ಪೆನಾಲ್ಟಿಗೆ ಬಂದಾಗ ಅದೇ ಹಳೇ ಚಾಳಿ. ಕುರ್ಚಿಯನ್ನು ಕೊರಕೊರ ಎಳೆದು, ಬೀರುವಿಗೆ ಮುಖ ಮಾಡಿ ಕೂತಳು.

"ಅಮ್ಮಾ! ಹಲ್ಲು ಗಿಂಜಿ ತಂದಿರೋದು ಬೀರು ನೋಡೋಕಾ?" ನನಗೆ ಪಿತ್ತ ನೆತ್ತಿಗೇರಿತು.

"ಬೀರು ಎಲ್ಲಿದೆ? ಜನ ಇದಾರೆ. ಸುಮ್ನಿರು."

ನಾನು ನನ್ನ ಫೋನಿನಲ್ಲಿ ನೋಡುತ್ತಿದ್ದೆ. ಕೊನೆಯ ಹೊಡೆತಕ್ಕೆ ತಂಗಿ ಎಡಕ್ಕೆ ಹಾರಿದಳು, ಚೆಂಡು ಬಲಕ್ಕೆ ಹೋಯಿತು. ಸೋತೆವು. ನನಗೆ ಅಳುವೇ ಬಂತು.

ಅಮ್ಮ ಮಾತ್ರ ಬೀರುವಿನತ್ತ ಬೆರಳು ಚಾಚಿ, "ಏನೇ, ನಿಮ್ಮಪ್ಪನ ಚೌಕಳಿ ಶರ್ಟಿಗೆ ಬಟ್ಟೆ ಸಾಲದೆ ಕೆಂಪು ಜೇಬು ಹೊಲಿದಿದ್ದೆಯಲ್ಲ?" ಎಂದಳು.

"ಈಗ್ಯಾಕಮ್ಮ ನನ್ನ ಹೊಲಿಗೆ ಮಾತು?"

"ಆ ಜೇಬು ಇಲ್ಲಿ ಮೂರನೇ ಸಾಲಲ್ಲಿ ಕೂತು ಅಳ್ತಾ ಇದೆ. ಫೋನ್ ಮಾಡು ಅವರಿಗೆ."

ಅಮ್ಮನ ಫೋನಿನಿಂದ ಮಾಡಿ ಸ್ಪೀಕರ್ ಹಾಕಿದೆ.

"ಎಲ್ಲಿದೀರಿ?" ಎಂದಳು ಅಮ್ಮ.

"ಗೋಡೌನಲ್ಲಿ. ಲೋಡ್ ಇಳಿಸ್ತಿದಾರೆ." ಎಂದರು ಅಪ್ಪ.

"ಹೌದಾ? ಗೋಡೌನಲ್ಲಿ ಪಕ್ಕದ ಹೆಂಗಸು ಬಾವುಟ ಹಿಡ್ಕೊಂಡು ಯಾಕ್ರೀ ಕೂತಿದಾಳೆ? ತೋಳಲ್ಲಿ ಮೂಗು ಒರೆಸ್ಬೇಡಿ, ಒಗೆಯೋಳು ನಾನು."

ಅಪ್ಪ ಅತ್ತಿತ್ತ ಕತ್ತು ತಿರುಗಿಸುತ್ತಿದ್ದರೇನೋ, ಅಮ್ಮ ಮುಂದುವರಿಸಿದಳು.

"ಸುತ್ತ ಹುಡುಕ್ಬೇಡಿ, ನಾನು ಸಿಗಲ್ಲ. ಎದ್ದು ಕೆಳಗೆ ಕಂಬಿ ಹತ್ರ ಹೋಗಿ. ಗೆದ್ದಿದ್ರೆ ಅವಳಿಗೆ ಊರೆಲ್ಲ ಇರ್ತಿತ್ತು. ಸೋತಿದಾಳೆ, ಈಗ ನೀವಲ್ಲದೆ ಇನ್ಯಾರು?"

"ಏನಂತ ಮಾತಾಡ್ಲೇ?"

"ಊಟಕ್ಕೆ ಬಾ ಅನ್ನಿ. ಅಷ್ಟಾದ್ರೂ ಬರುತ್ತಲ್ಲ?"

ಅಪ್ಪ ಫೋನ್ ಕತ್ತರಿಸಲಿಲ್ಲ. ಮೆಟ್ಟಿಲಿಳಿಯುವ ಸದ್ದು, ಯಾರೋ ಬೈದದ್ದು, ಎಲ್ಲ ಕೇಳಿಸುತ್ತಿತ್ತು.

"ನೋಡ್ತಾ ನಿಂತಿದೀಯಲ್ಲ, ಕುರ್ಚಿ ತಿರುಗಿಸೇ!" ಅಮ್ಮ ಕೂಗಿದಳು. ಅವಳನ್ನು ಕುರ್ಚಿ ಸಮೇತ ಗೋಲಿನತ್ತ ತಿರುಗಿಸಿ, ಏದುಸಿರು ಬಿಡುತ್ತಾ ಅವಳೆದುರು ನಿಂತೆ.

ಅಷ್ಟರಲ್ಲಿ ಲಾರಿ ಹಾರ್ನಿನಂಥ ದನಿ ಫೋನಿನಿಂದ ಬಂತು. "ಪುಟ್ಟೀ! ಮನೆಗೆ ಬಾರೇ! ಊಟಕ್ಕೆ!"

"ತಿರುಗಿದಳು ಕಣೇ," ಅಮ್ಮ ಪಿಸುಗುಟ್ಟಿದಳು. "ಗ್ಲೌಸ್ ಬಿಸಾಕಿದಳು. ಓಡಿ ಬರ್ತಿದಾಳೆ, ನನ್ನ ಕಡೆಗೇ ಬರ್ತಿದಾಳೆ!"

ಹೆಡ್‌ಸೆಟ್ಟಿನ ಕೆಳಗಿಂದ ಕಣ್ಣೀರು ಗಲ್ಲಕ್ಕೆ ಇಳಿಯುತ್ತಿತ್ತು. ಅಮ್ಮ ಎರಡೂ ತೋಳು ಚಾಚಿದಳು. ಎದುರು ನಿಂತಿದ್ದವಳು ನಾನು. ನನ್ನನ್ನೇ ಬಿಗಿಯಾಗಿ ತಬ್ಬಿಕೊಂಡು, "ಎಷ್ಟು ಸೊರಗಿದೀಯೇ" ಎಂದು ಬೆನ್ನು ಸವರಿದಳು.

ನಾನು ಬಿಡಿಸಿಕೊಳ್ಳಲಿಲ್ಲ.